ಒಂದೇ ಸಾಲಿನಲ್ಲಿ ನಿಂತವರು

ಚುನಾವಣೆಯ ಫಲಿತಾಂಶ ಹೊರಬಿದ್ದ ನಂತರದ ಭಾನುವಾರ, ಬಲಿಪೂಜೆಯಲ್ಲಿ ಪರಸ್ಪರ ಶಾಂತಿ ಕೋರುವ ಗಳಿಗೆ ಬಂದಾಗ, ಕೆಲವರು ಪಕ್ಕದವರತ್ತ ತಿರುಗದೆ ನೇರವಾಗಿ ಪೀಠವನ್ನೇ ನೋಡುತ್ತಾ ನಿಲ್ಲುವುದುಂಟು. ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರದಲ್ಲಿಯೂ ನೀವಿದನ್ನು ಕಂಡಿರಬಹುದು. ಒಂದು ಮತದ ಸಲುವಾಗಿ ಮುರಿದ ಮಾತು ಮತ್ತೆ ಕೂಡಲು ಎಷ್ಟು ಕಾಲ ಬೇಕು? ಈ ಪ್ರಶ್ನೆಯೊಂದಿಗೆ ನಿಮ್ಮನ್ನು ಬೀದರ್ ಸೀಮೆಗೆ ಕರೆದೊಯ್ಯಬಯಸುತ್ತೇನೆ.

ಬಸವಕಲ್ಯಾಣವೆಂದೊಡನೆ ನಮಗೆ ನೆನಪಾಗುವುದು 12ನೆಯ ಶತಮಾನ. ಬಸವಣ್ಣನವರು, ಅಲ್ಲಮಪ್ರಭು, ಅನುಭವ ಮಂಟಪ, ಹರಳಯ್ಯ ಮಧುವರಸರ ಮಕ್ಕಳ ಮದುವೆ, ಅದರ ಹಿಂದೆಯೇ ಬಂದ ರಕ್ತಪಾತ ಇವೆಲ್ಲವೂ ನೀವು ಬಲ್ಲ ಕಥೆಗಳೇ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ 19ನೆಯ ಶತಮಾನದ ಮಾಣಿಕಪ್ರಭುಗಳು ಎಲ್ಲ ಮತಗಳನ್ನೂ ಗೌರವಿಸುವ ಸಕಲಮತ ಸಂಪ್ರದಾಯವನ್ನು ನೆಲೆಗೊಳಿಸಿದರು. ಹಿಂದೂಗಳೂ ಮುಸಲ್ಮಾನರೂ ಅವರ ಬಳಿಗೆ ಬರುತ್ತಿದ್ದರು. ಇಂಥ ನೆಲವೂ ದ್ವೇಷದಿಂದ ಪಾರಾಗಲಿಲ್ಲ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

1948ರ ಮೇ ತಿಂಗಳಲ್ಲಿ ಬಸವಕಲ್ಯಾಣಕ್ಕೆ ಸಮೀಪದ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡಕ್ಕೆ ಇನ್ನೂರರಷ್ಟು ಮಂದಿ ಬಲಿಯಾದರೆಂದು ಅಲ್ಲಿನ ಜನ ಇಂದಿಗೂ ನೆನೆಯುತ್ತಾರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಅನಂತರ ಸೇಡಿನ ಸರದಿ ಬಂದಿತು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿಯು, ಮುಸಲ್ಮಾನರ ಹತ್ಯೆ ಅತಿಯಾಗಿ ನಡೆದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಸಂಸ್ಥಾನದಾದ್ಯಂತ 27 ಸಾವಿರದಿಂದ 40 ಸಾವಿರ ಮಂದಿ ಸತ್ತಿರಬಹುದೆಂಬುದು ಸಮಿತಿಯ ಅಂದಾಜು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಗೋರ್ಟಾದ ಸತ್ತವರಿಗಾಗಿ ಅಳುವವರು ಈ ಸತ್ತವರನ್ನು ಮರೆಯುವುದೂ, ಇವರಿಗಾಗಿ ಅಳುವವರು ಗೋರ್ಟಾವನ್ನು ಮರೆಯುವುದೂ ಎರಡೂ ನ್ಯಾಯವಲ್ಲ.

ಇಷ್ಟಾಗಿ ನಾಲ್ಕು ವರ್ಷ ತುಂಬುವ ಮೊದಲೇ ದೇಶದ ಪ್ರಥಮ ಮಹಾಚುನಾವಣೆ ಬಂದಿತು. ಮನೆ ಕಳೆದುಕೊಂಡವರೂ, ಮನೆ ಸುಟ್ಟವರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಆಗ ಈಗಿನಂತೆ ಗುಂಡಿ ಒತ್ತುವುದಿರಲಿಲ್ಲ, ಮುದ್ರೆಯೊತ್ತುವುದೂ ಇರಲಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಮತದಾರನು ಮರೆಯಲ್ಲಿ ಹೋಗಿ ತನಗೆ ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕಿ ಬರಬೇಕು. ಓದುಬರಹ ತಿಳಿಯದ ರೈತನಿಗೂ ಕಾಂಗ್ರೆಸ್ಸಿನ ಜೋಡೆತ್ತಿನ ಗುರುತು ಸುಲಭವಾಗಿ ಹಿಡಿಯುತ್ತಿತ್ತು.

ಬೀದರ್ ಲೋಕಸಭಾ ಕ್ಷೇತ್ರದಿಂದ ಆರಿಸಿಬಂದವರು ಯಾರು ಬಲ್ಲಿರಾ? ಕಾಂಗ್ರೆಸ್ಸಿನ ಡಾ. ಶೌಕತುಲ್ಲಾ ಶಾ ಅನ್ಸಾರಿ. ಅವರು ಮುಸಲ್ಮಾನರು, ಅಷ್ಟೇ ಅಲ್ಲ, ದೂರದ ಉತ್ತರ ಪ್ರದೇಶದ ಮನೆತನದವರು. ಇದನ್ನು ಕೇವಲ ಸೌಹಾರ್ದದ ಪವಾಡವೆಂದು ಬಣ್ಣಿಸಲು ನನಗೆ ಮನಸ್ಸಿಲ್ಲ. ನೆಹರೂ ಅವರ ಹೆಸರಿನ ಬಲ, ಪಕ್ಷದ ಅಲೆ ಅದರಲ್ಲಿ ಇದ್ದೇ ಇತ್ತು. ಎಷ್ಟೋ ಮಂದಿ ಎತ್ತನ್ನು ನೋಡಿ ಚೀಟಿ ಹಾಕಿದರೇ ಹೊರತು ಹೆಸರನ್ನು ನೋಡಿ ಅಲ್ಲ. ಆದರೂ ಗಾಯ ಹಸಿಯಾಗಿದ್ದ ಜಿಲ್ಲೆಯೊಂದು ಆ ಹೆಸರಿನ ಕಾರಣಕ್ಕೆ ಆ ಪೆಟ್ಟಿಗೆಯನ್ನು ದೂರ ತಳ್ಳಲಿಲ್ಲ. ಇದು ಸಣ್ಣ ಮಾತಲ್ಲ. ಮುಂದೆ 1994ರಲ್ಲಿಯೂ 2004ರಲ್ಲಿಯೂ ಹುಮನಾಬಾದ್ ವಿಧಾನಸಭಾ ಕ್ಷೇತ್ರವು ಮೆರಾಜುದ್ದೀನ್ ಪಟೇಲರನ್ನು ಆರಿಸಿ ಕಳುಹಿಸಿತು. ನಡುವೆ, 1956ರಲ್ಲಿ, ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಗಿ ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಸೇರಿದವು.

ಯೇಸುಸ್ವಾಮಿ ಆರಿಸಿಕೊಂಡ ಹನ್ನೆರಡು ಮಂದಿಯಲ್ಲಿ ರೋಮನರ ಆಳ್ವಿಕೆಯಡಿ ಸುಂಕ ವಸೂಲಿ ಮಾಡಿದ ಮತ್ತಾಯನಿದ್ದನು. ದೇಶಾಭಿಮಾನಿಯೆಂದು ಕರೆಸಿಕೊಂಡ ಸಿಮೋನನೂ ಇದ್ದನು. ಊಟದ ಪಂಕ್ತಿಯಲ್ಲಿ ಅವರಿಬ್ಬರೂ ಏನು ಮಾತನಾಡಿಕೊಂಡರೋ ಶುಭಸಂದೇಶ ಹೇಳುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಇಂದಿನ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ತನ್ನ ದಸ್ತಾವೇಜಿನಲ್ಲಿ, ರಾಜಕೀಯ ವಿಚಾರಗಳಲ್ಲಿ ನಮಗಿಂತ ಭಿನ್ನವಾಗಿ ಆಲೋಚಿಸುವವರಿಗೂ ಗೌರವ, ಪ್ರೀತಿ ಸಲ್ಲಬೇಕೆಂದು ಬೋಧಿಸಿತು. ಒಪ್ಪಿಕೊಳ್ಳಬೇಕೆಂದು ಅದು ಹೇಳಲಿಲ್ಲ ಎಂಬುದನ್ನೂ ಗಮನಿಸಿ.

2023ರ ಮೇ ತಿಂಗಳಲ್ಲಿ ಹುಮನಾಬಾದಿನ ಗೆಲುವಿನ ಅಂತರ ಎರಡು ಸಾವಿರ ಮತಗಳಿಗೂ ಕಡಿಮೆ. ಅಂದರೆ ಬಹುತೇಕ ಪ್ರತಿ ಓಣಿಯಲ್ಲಿಯೂ ಗೆದ್ದವರ ಮನೆಗೆ ಎದುರಾಗಿ ಸೋತವರ ಮನೆ. ಗುಪ್ತ ಮತದಾನವೆನ್ನುತ್ತೇವೆ, ಆದರೆ ಊರಿನ ಗುಟ್ಟು ಉಳಿಯುವುದಿಲ್ಲ. ಕಾಗದದ ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಲೆಕ್ಕ ಬೇರೆಯಾಗಿಯೇ ಹೊರಬರುತ್ತದೆ. ಯಾವ ಕೇರಿ ಯಾರಿಗೆ ಒಲಿಯಿತೆಂದು ತಿಳಿದವರು ನೀರು, ರಸ್ತೆ, ಮನೆ ಮಂಜೂರಾತಿಯಲ್ಲಿ ಅದರ ಲೆಕ್ಕ ತೀರಿಸಲೂಬಹುದು. ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸಬೇಕೆಂದು ಚುನಾವಣಾ ಆಯೋಗ 2008ರಲ್ಲಿಯೂ, ಕಾನೂನು ಆಯೋಗ 2015ರಲ್ಲಿಯೂ ಶಿಫಾರಸು ಮಾಡಿದವು. ಅದು ಇನ್ನೂ ಜಾರಿಗೆ ಬಂದಿಲ್ಲ. ಎಣಿಕೆಯ ದಿನ ಸಂಜೆಯೊಳಗೇ ಪ್ರತಿ ಕೇರಿಯ ಅಂಕಿ ಊರ ಚಹಾದಂಗಡಿಗೆ ತಲುಪಿರುತ್ತದೆ.