ನೂಲು, ಬಣ್ಣ, ಅರಿವೆ: ನಮ್ಮ ನಾಲ್ಕು ಪೇಟೆಗಳ ಉಡಿಗೆಯ ಇತಿಹಾಸ

ಪರದೇಶದ ಅರಿವೆಯ ವ್ಯಾಮೋಹದಿಂದಲೇ ನಮ್ಮ ನೇಕಾರಿಕೆಯು ನಷ್ಟವಾಯಿತೆಂಬ ಮಾತು ಸ್ವದೇಶೀ ಚಳವಳಿಯ ಕಾಲದಿಂದ ನಮ್ಮ ಕಡೆಗೆ ರೂಢವಾಗಿರುವದು. ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಪೇಟೆಗಳ ಸುತ್ತಲಿನ ಜನರು ಏನನ್ನು ಮೊದಲು ಬಿಟ್ಟರು, ಏನನ್ನು ಕಡೆಯ ವರೆಗೆ ಹಿಡಿದುಕೊಂಡರು ಎಂಬ ಕ್ರಮವನ್ನು ವಿಚಾರಿಸಿದರೆ, ವ್ಯಾಮೋಹಕ್ಕಿಂತ ಬೆಲೆಯೂ ಯಂತ್ರವೂ ಬಲವತ್ತರವಾದ ಕಾರಣಗಳೆಂದು ತೋರುವದು. ಕೊಳ್ಳುವವರ ಮೇಲೆ ಹೊರಿಸಿದ ದೋಷವು ನ್ಯಾಯವಾದದ್ದೋ ಅಲ್ಲವೋ ಎಂಬುದನ್ನು ವಾಚಕರು ಕೆಳಗಿನ ಸಂಗತಿಗಳಿಂದ ನಿರ್ಣಯಿಸಬೇಕು.

ಬ್ರಿಟಿಷರ ಆಡಳಿತದಲ್ಲಿ ಬೈಲಹೊಂಗಲವು ಸಂಪಗಾವಿ ತಾಲೂಕಿನ ಕಚೇರಿಯ ಊರು. ಕಿತ್ತೂರು ಅದೇ ತಾಲೂಕಿನೊಳಗಿತ್ತು. ಸವದತ್ತಿಯು ಪರಸಗಡ ತಾಲೂಕಿನ ಮುಖ್ಯ ಸ್ಥಳ. ರಾಮದುರ್ಗವು 1948ರ ವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಆಳುವವರು ಬೇರೆಯಾದರೂ ಎರೆಯ ನೆಲವೂ ಹತ್ತಿಯ ಬೆಳೆಯೂ ಈ ಸೀಮೆಗೆ ಸಮಾನವಾಗಿದ್ದವು. ಹತ್ತಿಯನ್ನು ಚಪ್ಪಟೆ ಕಲ್ಲಿನ ಮೇಲೆ ಹರಡಿ, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಹೆಂಗಸರು ಕಾಳು ಬೇರ್ಪಡಿಸುತ್ತಿದ್ದರು. ಪಿಂಜಾರನು ಹಿಂಜಿ ಕೊಟ್ಟ ಅರಳೆಯಿಂದ ಹಂಜಿ ಮಾಡಿ ರಾಟಿಯ ಮೇಲೆ ನೂಲುವದೂ ಅವರ ಕೆಲಸವೇ. ಕೂಲಿಗೆ ಹೊರಗೆ ಹೋಗಲಾರದ ಮುದುಕಿಯರಿಗೂ ವಿಧವೆಯರಿಗೂ ರಾಟಿಯೇ ಅನ್ನದ ದಾರಿಯಾಗಿತ್ತು.

1840ರ ದಶಕದಲ್ಲಿ ಕುಂಪಣಿ ಸರಕಾರವು ಅಮೇರಿಕೆಯ ನ್ಯೂ ಓರ್ಲಿಯನ್ಸ್ ಹತ್ತಿಯ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಜನರು ಅದನ್ನು ವಿಲಾಯತಿ ಹತ್ತಿ ಎಂದರು. ಹಳೆಯದಕ್ಕೆ ಜವಾರಿ ಎಂಬ ಹೆಸರು ಉಳಿಯಿತು. ಈ ಜವಾರಿ ಹತ್ತಿಯು ಘಟ್ಟವಿಳಿದು ಕುಮಠೆಯ ಬಂದರದಿಂದ ಹಡಗನ್ನೇರುತ್ತಿದ್ದುದರಿಂದ ವ್ಯಾಪಾರಿಗಳ ಬಾಯಲ್ಲಿ ಕುಮಠಾ ಹತ್ತಿಯಾಯಿತು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ಹೊತ್ತಿಕೊಂಡು ಅಲ್ಲಿಯ ಹತ್ತಿಯು ಇಂಗ್ಲಂಡಕ್ಕೆ ಬಾರದೆ ಹೋದಾಗ ನಮ್ಮ ಹತ್ತಿಯ ಬೆಲೆಯು ಹಲವು ಪಟ್ಟು ಏರಿತು. ಒಕ್ಕಲಿಗನ ಮನೆಗೆ ಬೆಳ್ಳಿಯು ಬಂದಿತು. ಆದರೆ ಪಕ್ಕದ ಓಣಿಯ ನೇಕಾರನಿಗೆ ಅದೇ ಏರಿಕೆಯು ವಿಪತ್ತಾಯಿತು. ನೂಲಿನ ಬೆಲೆಯು ಏರಿದಂತೆ ಸೀರೆಯ ಬೆಲೆಯನ್ನು ಏರಿಸಿದರೆ ಕೊಳ್ಳುವವರಾರು? 1865ರಲ್ಲಿ ಯುದ್ಧವು ಮುಗಿಯಿತು, ಹತ್ತಿಯ ಬೆಲೆಯೂ ಬಿದ್ದಿತು.

ಇಷ್ಟರೊಳಗೆ ವಿಲಾಯತಿಯ ಗಿರಣಿಯ ನೂಲು ನಮ್ಮ ಸಂತೆಗಳನ್ನು ಹೊಕ್ಕಿತ್ತು. ಮುಂಬಯಿಯ ಮೊದಲನೆಯ ಹತ್ತಿಯ ಗಿರಣಿಯು 1854ರಲ್ಲಿ ಸ್ಥಾಪಿತವಾಯಿತು. 1887ರಲ್ಲಿ ನಮ್ಮ ಜಿಲ್ಲೆಯಲ್ಲಿಯೇ ಗೋಕಾಕ ಫಾಲ್ಸಿನ ನೂಲಿನ ಗಿರಣಿಯು ಘಟಪ್ರಭೆಯ ಜಲಶಕ್ತಿಯಿಂದ ನಡೆಯತೊಡಗಿತು. ಗಿರಣಿಯ ನೂಲು ಸಮವಾದದ್ದು, ಹಾಸಿಗೆ ಹಾಕಿದರೆ ಬೇಗ ಹರಿಯದು, ಬೆಲೆಯೂ ಕಡಿಮೆ. ನೇಕಾರನೇ ಅದನ್ನು ಮೊದಲು ಆರಿಸಿಕೊಂಡನು. ಅವನನ್ನು ಯಾರೂ ಬಲಾತ್ಕರಿಸಲಿಲ್ಲ. ತರ್ಕಸಂಗ್ರಹವನ್ನು ಓದಿದವರಿಗೆಲ್ಲ ತಂತು-ಪಟಗಳ ದೃಷ್ಟಾಂತವು ಪರಿಚಿತವಾದದ್ದು: ಪಟಕ್ಕೆ ತಂತುಗಳು ಸಮವಾಯಿಕಾರಣ, ಲಾಳಿ ಮಗ್ಗಗಳು ನಿಮಿತ್ತಕಾರಣ ಮಾತ್ರ. ನಮ್ಮಲ್ಲಿ ಮಗ್ಗವೂ ಉಳಿಯಿತು, ನೇಯುವವನೂ ಉಳಿದನು. ಸಮವಾಯಿಕಾರಣವೇ ಸದ್ದಿಲ್ಲದೆ ಬದಲಾಯಿತು. ಸೀರೆಯು ಹೊರಗಿನಿಂದ ಮೊದಲಿನಂತೆಯೇ ಕಂಡುದರಿಂದ ಉಟ್ಟವಳಿಗೆ ಈ ಮಾರ್ಪಾಟು ತಿಳಿಯಲೇ ಇಲ್ಲ. ರಾಟಿಯ ಮುದುಕಿಗೆ ಮಾತ್ರ ತಿಳಿಯಿತು. ನೇಕಾರನ ಕಷ್ಟವನ್ನು ಕುರಿತು ಸರಕಾರಿ ವರದಿಗಳು ಹುಟ್ಟಿದವು, ಸಭೆಗಳು ಕೂಡಿದವು. ನೂಲುವವಳ ಸಲುವಾಗಿ ಗಾಂಧೀಜಿಯವರ ಕಾಲದ ವರೆಗೆ ಹೇಳಿಕೊಳ್ಳುವಂಥ ಒಂದು ಧ್ವನಿಯೂ ಏಳಲಿಲ್ಲ.

1876-77ರ ಧಾತು ಸಂವತ್ಸರದ ಬರವು ಗಾಯದ ಮೇಲಣ ಬರೆಯಾಯಿತು. ಹೊಟ್ಟೆಗಿಲ್ಲದವರು ಅರಿವೆಯನ್ನು ಕೊಳ್ಳರು. ಆದುದರಿಂದ ಬರದಲ್ಲಿ ಒಕ್ಕಲಿಗನಿಗಿಂತ ಮೊದಲೇ ನೇಕಾರನ ಗಿರಾಕಿಯು ಇಲ್ಲವಾಗುವನು. ಮುಂದೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯು ಧಾರವಾಡ ಬೆಳಗಾವಿಗಳನ್ನು ಹಾಯ್ದು ಬಂದಿತು. ನಮ್ಮ ನಾಲ್ಕು ಪೇಟೆಗಳಲ್ಲಿ ಒಂದಾದರೂ ಆ ಹಳಿಯ ಮೇಲಿರಲಿಲ್ಲ. ಆದರೂ ನಿಲ್ದಾಣದಲ್ಲಿ ಇಳಿದ ಗಿರಣಿಯ ಗಂಟು ಎತ್ತಿನ ಗಾಡಿಯಲ್ಲಿ ಸವದತ್ತಿಯ ಎಲ್ಲಮ್ಮನ ಜಾತ್ರೆಯನ್ನು ಮುಟ್ಟುವದಕ್ಕೆ ಏನು ಅಡ್ಡಿ?

ನೂಲಿನ ತರುವಾಯ ಹೋದದ್ದು ಬಣ್ಣ. ನೀಲಿಯ ಗಿಡದ ನೀಲಿ, ಬೇರಿನಿಂದ ತೆಗೆದ ಕೆಂಪು, ಇವು ದಿನಗಟ್ಟಲೆ ಶ್ರಮ ಬೇಡುವಂಥವು. ರಾಸಾಯನಿಕ ಶೋಧಗಳ ಫಲವಾಗಿ 1870ರ ನಂತರ ಕೃತ್ರಿಮವಾದ ಕೆಂಪು, 1897ರಿಂದ ಜರ್ಮನಿಯ ಕೃತ್ರಿಮ ನೀಲಿ ಪೇಟೆಗೆ ಬಂದವು. 1914ರ ಮಹಾಯುದ್ಧದಲ್ಲಿ ಜರ್ಮನಿಯ ಬಣ್ಣದ ಡಬ್ಬಿಗಳು ನಿಂತುಹೋದಾಗ ಬಣ್ಣಗಾರರು ಪರದಾಡಬೇಕಾಯಿತು.

ಮೂರನೆಯದಾಗಿ ಗಂಡಸರ ಧೋತರ. ಇಲ್ಲಿ ವಿಚಾರಿಸತಕ್ಕ ವಿಶೇಷವೊಂದುಂಟು. ಗಂಡಸರು ಗಿರಣಿಯ ಧೋತರವನ್ನು ಸುಲಭವಾಗಿ ಒಪ್ಪಿದರು. ಅಂಗಿಯ ಅರಿವೆಯನ್ನೂ, ಹೊಲಿಗೆಯ ಯಂತ್ರ ಬಂದ ಬಳಿಕ ಹೊಲಿಸಿದ ಅಂಗಿಯನ್ನೂ ಒಪ್ಪಿದರು. ಹೆಂಗಸರಾದರೋ ಇಳಕಲ್ಲ ಸೀರೆಯನ್ನೂ ಗುಳೇದಗುಡ್ಡದ ಖಣದ ಕುಪ್ಪಸವನ್ನೂ ಬಿಡಲಿಲ್ಲ. ಇದನ್ನು ಸ್ತ್ರೀಯರ ಸ್ವಧರ್ಮನಿಷ್ಠೆಯೆಂದು ಹೊಗಳುವದುಂಟು. ನನಗೆ ಬೇರೊಂದು ಕಾರಣವು ಹೆಚ್ಚು ಸರಿಯೆನಿಸುವದು. ಬಿಳಿಯ ಧೋತರವು ಸಾವಿರ ವಾರಿಗೂ ಒಂದೇ ಬಗೆ. ಗಿರಣಿಗೆ ಅದು ಹಬ್ಬದೂಟ. ಇಳಕಲ್ಲ ಸೀರೆಯಲ್ಲಿ ಒಡಲಿನ ನೂಲಿಗೆ ಸೆರಗಿನ ರೇಶಿಮೆಯನ್ನು ಎಳೆಯೆಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು, ದಡಿ ಬೇರೆ, ಸೆರಗು ಬೇರೆ, ಊರೂರಿನ ಅಭಿರುಚಿ ಬೇರೆ. ಅಂಥದನ್ನು ಸ್ವಲ್ಪ ಸ್ವಲ್ಪವೇ ನೇಯುವದು ಗಿರಣಿಗೆ ಕಟ್ಟದು. ಆದುದರಿಂದಲೇ ರಾಮದುರ್ಗ, ಸುರೇಬಾನಗಳ ಕೈಮಗ್ಗಗಳು ಸೀರೆಯನ್ನು ನೆಚ್ಚಿ ಉಳಿದವು. ಆ ಸೆರಗಿನೊಳಗೂ ಮುಂದೆ ರೇಶಿಮೆಯ ಬದಲು ಚಮಕಾ ಎಂಬ ಕೃತ್ರಿಮ ರೇಶಿಮೆಯು ಬಂದು ಸೇರಿದ್ದು ಬೇರೆ ಮಾತು.

1924ರ ಡಿಸೆಂಬರದಲ್ಲಿ ಬೆಳಗಾವಿಯ ಕಾಂಗ್ರೆಸ್ಸು ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ನೆರೆದು, ಸದಸ್ಯನಾಗುವವನು ತಿಂಗಳಿಗೆ 2000 ವಾರು ನೂಲು ಕೊಡಬೇಕೆಂದು ಗೊತ್ತುಪಡಿಸಿತು. ತಾನು ನೂಲದವನು ಇತರರಿಂದ ನೂಲಿಸಿ ಕೊಡಬಹುದಾಗಿತ್ತು. ಹುದಲಿಯ ಗಂಗಾಧರರಾವ ದೇಶಪಾಂಡೆಯವರು ಖಾದಿಯ ಕಾರ್ಯಕ್ಕೆ ಆಯುಷ್ಯವನ್ನು ಮುಡಿಪಾಗಿಟ್ಟರು. ಮರೆತುಹೋದ ನೂಲುವವಳಿಗೆ ಕೂಲಿಯು ಪುನಃ ಕಂಡಿತು. ಆದರೆ ವರ್ಷ ತುಂಬುವದರೊಳಗೆ, 1925ರಲ್ಲಿ, ನೂಲಿನ ಬದಲು ನಾಲ್ಕಾಣೆ ಕೊಟ್ಟರೂ ಸಾಗುವದೆಂದು ನಿಯಮವನ್ನು ಸಡಿಲಿಸಬೇಕಾಯಿತು. ಖಾದಿಯ ಬೆಲೆಯು ಗಿರಣಿಯ ಅರಿವೆಗಿಂತ ಹೆಚ್ಚು. ದೇಶಭಕ್ತಿಯಿದ್ದ ಬಡವನಿಗೆ ಅದು ಎರಡನೆಯ ತೆರಿಗೆಯಂತಾಗಿತ್ತು.

ಎರಡನೆಯ ಮಹಾಯುದ್ಧದಲ್ಲಿ, 1943ರಿಂದ, ಅರಿವೆ ನೂಲುಗಳೆರಡಕ್ಕೂ ಸರಕಾರದ ನಿಯಂತ್ರಣ ಬಂದಿತು. ಸ್ವಾತಂತ್ರ್ಯಾನಂತರ 1976ರಲ್ಲಿ ಜನತಾ ಅರಿವೆಯ ಯೋಜನೆಯು ಬಂದು, ಕೈಮಗ್ಗದಲ್ಲಿ ಅಗ್ಗದ ಸೀರೆಗಳನ್ನು ನೇಯಿಸಿ ಬಡವರಿಗೆ ಮಾರಲಾಯಿತು. ಅಷ್ಟರಲ್ಲಿ ಪಾಲಿಯೆಸ್ಟರ ಸೀರೆಯು ಹಳ್ಳಿಯನ್ನು ಸೇರಿತ್ತು. ಅದು ಬೇಗ ಒಣಗುವದು, ಬಣ್ಣ ಬಿಡದು, ಬಹುದಿನ ತಾಳುವದು. ಎರಡೇ ಸೀರೆಯುಳ್ಳ ಕೂಲಿಯ ಹೆಂಗಸು ಸಂಜೆ ಒಗೆದು ಮುಂಜಾನೆ ಉಡಬಹುದು. ಮೂರು ತಲೆಮಾರುಗಳ ವರೆಗೆ ಗಿರಣಿಯ ಎದುರು ನಿಂತ ಸೀರೆಯು ಈ ಅನುಕೂಲದ ಎದುರು ನಿಲ್ಲಲಾರದೆ ಹೋಯಿತು. ಇಂದು ಸವದತ್ತಿ, ಬೈಲಹೊಂಗಲಗಳ ಹೊಲಗಳಲ್ಲಿ ಹತ್ತಿ ಬಿಡಿಸುವವಳ ಮೈಮೇಲೆ ಹತ್ತಿಯ ಎಳೆಯಿರುವದು ಅಪರೂಪ. ಉರಿಬಿಸಿಲಿನಲ್ಲಿ ಅವಳಿಗಾಗುವ ಬಾಧೆಯನ್ನು ಬಲ್ಲವರು ಅವಳ ಆಯ್ಕೆಯನ್ನು ವ್ಯಾಮೋಹವೆಂದು ಕರೆಯಲಾರರು.

ಈಚಿನ ಕೆಲವು ವರ್ಷಗಳಲ್ಲಿ ಇನ್ನೊಂದು ವಿಚಿತ್ರವು ನಡೆದಿದೆ. ಕುಪ್ಪಸಕ್ಕೆ ಮಾತ್ರ ಮೀಸಲಾಗಿದ್ದ ಖಣವನ್ನು ಇಡೀ ಸೀರೆಯಾಗಿ ನೇಯಿಸಿ, ಮೊಬಾಯಿಲಿನಲ್ಲಿ ಚಿತ್ರ ತೋರಿಸಿ, ಪುಣೆ ಬೆಂಗಳೂರುಗಳ ಸುಶಿಕ್ಷಿತ ಸ್ತ್ರೀಯರಿಗೆ ಮಾರುತ್ತಿದ್ದಾರೆ. ಅದರಲ್ಲಿ ಬಹುಪಾಲು ವಿದ್ಯುತ್ ಮಗ್ಗದ್ದು. ಅದೇ ಖಣದ ಚಿಕ್ಕಿಗಳನ್ನು ಅಚ್ಚೊತ್ತಿದ ಪಾಲಿಯೆಸ್ಟರ ಸೀರೆಗಳು ನಮ್ಮ ಸಂತೆಗಳಲ್ಲಿ ಕೂಲಿಯವರಿಗಾಗಿ ರಾಶಿ ಬಿದ್ದಿರುತ್ತವೆ.