ಕಣದ ಪಾಲು, ಕ್ಷಣದ ಕೂಲಿ

ಸುಗ್ಗಿಯ ಕಾಲದಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿ, ಸಮಗಾರ ಮೊದಲಾದವರಿಗೆ ರೈತನು ಕಣದಲ್ಲೇ ಅಳೆದು ಕೊಡುತ್ತಿದ್ದ ಕಾಳಿನ ಪಾಲಿಗೆ ‘ಆಯ’ವೆಂದು ಹೆಸರು. ಅದನ್ನು ಪಡೆಯುವವರು ಆಯಗಾರರು. ಇಂದು ಮೊಬೈಲ್ ಆಪ್ ಹೇಳಿದ ಮನೆಗೆ ಊಟದ ಪೊಟ್ಟಣ ಮುಟ್ಟಿಸುವ, ಕ್ಯಾಬ್ ಓಡಿಸುವ ಯುವಕರನ್ನು ‘ಗಿಗ್ ಕಾರ್ಮಿಕ’ರೆನ್ನುತ್ತೇವೆ. ಕಾಲ ಬೇರೆ, ಕಸುಬು ಬೇರೆ. ಆದರೂ ಇವರಿಬ್ಬರಲ್ಲಿ ಒಂದು ಸಾಮ್ಯವುಂಟು. ಇಬ್ಬರೂ ಹಲವು ಮನೆಗಳಿಗೆ ದುಡಿಯುವವರು, ಯಾವ ಮನೆಯ ಸಂಬಳದಾಳೂ ಅಲ್ಲ. ಹಾಗಾದರೆ ಕೆಲಸವಿಲ್ಲದ ದಿನ ಇವರ ಹೊಟ್ಟೆಯ ಹೊಣೆ ಯಾರದು? ಹಿರೇಕೆರೂರು ಸೀಮೆಯಂಥ ಕಡೆ ಹಳೆಯ ಹಳ್ಳಿಯು ಈ ಪ್ರಶ್ನೆಗೆ ತನ್ನದೇ ಉತ್ತರ ಕಂಡುಕೊಂಡಿತ್ತು. ಅದರ ಗುಣದೋಷಗಳೆರಡೂ ಇಂದು ಅರಿಯತಕ್ಕವು.

ಕಾದಿರುವುದಕ್ಕೂ ಬೆಲೆ

ವಿಜಯನಗರದ ಕಾಲಕ್ಕಾಗಲೇ ಆಯಗಾರರ ಪದ್ಧತಿ ನೆಲೆಯೂರಿತ್ತು. 1810ರಲ್ಲಿ ದಕ್ಷಿಣ ಭಾರತದ ಇತಿಹಾಸ ಪ್ರಕಟಿಸಿದ ಕರ್ನಲ್ ಮಾರ್ಕ್ ವಿಲ್ಕ್ಸ್, ಗೌಡ ಶಾನುಭೋಗರಿಂದ ಹಿಡಿದು ತಳವಾರ, ನೀರಗಂಟಿ, ಕುಂಬಾರ, ಅಗಸರವರೆಗೆ ಹನ್ನೆರಡು ಆಯಗಳನ್ನು ವಿವರಿಸಿದ್ದಾನೆ. ಮರಾಠಿ ಸೀಮೆಯಲ್ಲಿ ಇದೇ ‘ಬಾರಾ ಬಲುತೆ’. ಹಿರೇಕೆರೂರು ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ, ‘ಕೋಡ’ ಎಂಬ ತಾಲ್ಲೂಕಿಗೆ ಸೇರಿತ್ತು. ಹೀಗಾಗಿ ಕನ್ನಡದ ಆಯವೂ ಮುಂಬಯಿಯ ಕಾನೂನೂ ಇಲ್ಲಿ ಎದುರುಬದುರಾದವು.

ಪದ್ಧತಿಯ ಮರ್ಮ ಸರಳವಾದದ್ದು. ಬಡಿಗನು ವರ್ಷವಿಡೀ ನೇಗಿಲು, ಕುಂಟೆ, ಕೂರಿಗೆಗಳನ್ನು ರಿಪೇರಿ ಮಾಡಿಕೊಡುತ್ತಿದ್ದ. ಒಂದೊಂದು ಕೆಲಸಕ್ಕೂ ಲೆಕ್ಕ ಹಾಕುತ್ತಿರಲಿಲ್ಲ. ಹೊಸ ಬಂಡಿ, ಮನೆಯ ತೊಲೆ ಬಾಗಿಲುಗಳಂಥ ದೊಡ್ಡ ಕೆಲಸಕ್ಕೆ ಮಾತ್ರ ಬೇರೆ ಕೂಲಿ. ಮೃಗಶಿರ ಮಳೆ ಬಿದ್ದ ಮರುದಿನ ಬಿತ್ತುವ ಹೊತ್ತಿಗೆ ಕೂರಿಗೆಯ ತಾಳು ಮುರಿದರೆ ಬಡಿಗ ಊರಲ್ಲೇ ಇರಬೇಕು. ಹದ ತಪ್ಪಿದರೆ ವರ್ಷದ ಬೆಳೆಯೇ ಹೋದೀತು. ಆಯವೆಂಬುದು ಮಾಡಿದ ಕೆಲಸಕ್ಕಷ್ಟೇ ಅಲ್ಲದೆ, ಕರೆದಾಗ ಬರಲು ಸಿದ್ಧನಿರುವುದಕ್ಕೂ ಊರು ಕೊಡುತ್ತಿದ್ದ ಬೆಲೆ. ಕೆಲವರಿಗೆ ಇದರ ಜೊತೆಗೆ ಇನಾಮು ಭೂಮಿಯೂ ಇರುತ್ತಿತ್ತು.

ಬೇಡಿಯೂ ಆಗಿತ್ತು

ಇಷ್ಟಕ್ಕೇ ಹಳೆಯದನ್ನು ಹೊಗಳಿ ಕೂರುವಂತಿಲ್ಲ. ಆಯದ ಪಾಲು ಸಮನಾಗಿರಲಿಲ್ಲ. ಬಡಿಗ ಕಮ್ಮಾರರಿಗೆ ಹೆಚ್ಚು; ಸತ್ತ ದನ ಸಾಗಿಸುವ, ಓಲೆಕಾರಿಕೆ ಮಾಡುವ ದಲಿತರಿಗೆ ಕಡಿಮೆ, ಅದೂ ಕೈಯೊಡ್ಡಿ ಪಡೆಯಬೇಕು. ಕಸುಬನ್ನು ಹುಟ್ಟೇ ಗೊತ್ತುಮಾಡುತ್ತಿತ್ತು. ಬೇಡವೆಂದು ಬಿಟ್ಟು ಹೋಗುವ ಸ್ವಾತಂತ್ರ್ಯ ಹೆಸರಿಗೂ ಇರಲಿಲ್ಲ. ಮಾಸೂರು, ಅಬಲೂರುಗಳ ಈ ಸೀಮೆಯ ಕವಿ ಸರ್ವಜ್ಞನ ತಾಯಿ ಕುಂಬಾರ ಮನೆತನದವಳೆಂದು ಪ್ರತೀತಿ. ಮಗನಾದರೋ ತಿಗರಿಯ ಬಳಿ ಕೂರದೆ ಊರೂರು ತಿರುಗಿದನೆಂದು ಜನ ನೆನೆಯುತ್ತಾರೆ. ಆ ಬಿಡುಗಡೆ ಎಷ್ಟು ಮಂದಿಗೆ ದೊರೆತೀತು?

ಇದನ್ನು ಖಚಿತವಾಗಿ ಕಂಡವರು ಡಾ. ಬಿ. ಆರ್. ಅಂಬೇಡ್ಕರ್. ಧಾರವಾಡಕ್ಕೂ ಅನ್ವಯಿಸುತ್ತಿದ್ದ 1874ರ ಮುಂಬಯಿ ವಂಶಪರಂಪರೆಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಕೋರಿ 1928ರಲ್ಲಿ ಅವರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ಮಹಾರ್ ವತನದಾರರು ರೈತರ ಮರ್ಜಿಯ ಕಾಳಿಗೆ ಕಾಯುವುದು ತಪ್ಪಿ, ಗೊತ್ತಾದ ಹಣ ಸಿಗಬೇಕೆಂಬುದು ಅವರ ವಾದ. ಮಸೂದೆ ಆಗ ಗೆಲ್ಲಲಿಲ್ಲ. ಆದರೆ ಕೊಡುವವನ ದಯೆಯ ಮೇಲೆ ನಿಂತ ಭದ್ರತೆ ಭದ್ರತೆಯೇ ಅಲ್ಲ ಎಂಬ ಅದರ ತಿರುಳು ಇಂದಿಗೂ ಹಳತಾಗಿಲ್ಲ.

ಕಣ ಬರಿದಾದಾಗ

ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಹೀಗೆ ಬಡಿಗನ ಕೆಲಸ ಕಾರ್ಖಾನೆಗೆ ಹೋಗತೊಡಗಿತು. ಕುಂಬಾರನ ಗಡಿಗೆಗೆ ಅಲ್ಯೂಮಿನಿಯಂ ಪಾತ್ರೆ ಎದುರಾಯಿತು. ಊರಿನ ಸೇವೆಗೆಂದು ಕೊಟ್ಟಿದ್ದ ಇನಾಮುಗಳನ್ನು ಮುಂಬಯಿ ಸರ್ಕಾರ 1953ರ ಕಾಯ್ದೆಯಿಂದ ರದ್ದುಮಾಡಿತು. ಇವೆಲ್ಲಕ್ಕಿಂತ ಆಳವಾದ ಕಾರಣ ಹೊಲದಲ್ಲೇ ಇತ್ತು. ಉಣ್ಣುವ ಜೋಳ ಬೆಳೆದಾಗ ಕಣದಲ್ಲಿ ಆಯ ಅಳೆಯಬಹುದು. ಮಾರುವ ಹತ್ತಿ, ಗೋವಿನಜೋಳಗಳು ಪೇಟೆಗೆ ಸಾಗಿದರೆ ಹಂಚಲು ಉಳಿಯುವುದೇನು? ಕಾಳಿನ ಜಾಗಕ್ಕೆ ರೊಕ್ಕ ಬಂತು. ವರ್ಷದ ಪಾಲಿನ ಜಾಗಕ್ಕೆ ಕೆಲಸಕ್ಕಿಷ್ಟೆಂಬ ಕೂಲಿ ಬಂತು. ಇಂದು ಟ್ರ್ಯಾಕ್ಟರ್ ಬಾಡಿಗೆ ಎಕರೆಯ ಅಥವಾ ತಾಸಿನ ಲೆಕ್ಕ. ಪಕ್ಕದ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ತೂಕದ ಲೆಕ್ಕ.

ಹೊಸ ಆಯ

ಪಟ್ಟಣದ ಗಿಗ್ ಕೆಲಸ ಇದೇ ದಾರಿಯ ಮುಂದಿನ ಹೆಜ್ಜೆ. ಇಲ್ಲಿ ಆರ್ಡರಿಗಿಷ್ಟು ಎಂದು ಲೆಕ್ಕ. ಎರಡು ಆರ್ಡರುಗಳ ನಡುವೆ ಹೋಟೆಲಿನ ಮುಂದೆ ಕಾದು ನಿಂತ ಹೊತ್ತಿಗೆ ಬೆಲೆಯಿಲ್ಲ. ಜಾತಿಯ ಕಟ್ಟು ಸಡಿಲಿತು, ನಿಜ. ಜೊತೆಗೇ ಕಾದಿರುವ ಹೊತ್ತಿನ ಪಾಲೂ ಹೋಯಿತು. 2020–21ರಲ್ಲಿ ದೇಶದಲ್ಲಿ ಇಂಥವರು ಸುಮಾರು 77 ಲಕ್ಷ ಮಂದಿ ಇದ್ದರೆಂದು ನೀತಿ ಆಯೋಗ 2022ರಲ್ಲಿ ಅಂದಾಜಿಸಿತು.

2023ರಲ್ಲಿ ರಾಜಸ್ಥಾನ ಇವರಿಗಾಗಿ ಮೊದಲ ಕಾಯ್ದೆ ತಂದಿತು. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಅದನ್ನು ಕಾಯ್ದೆಯಾಗಿಸಿತು. ಇದರಂತೆ ಪ್ರತಿ ವ್ಯವಹಾರದಲ್ಲೂ ಕಾರ್ಮಿಕನಿಗೆ ಸಲ್ಲುವ ಹಣದ ಶೇಕಡಾ 1ರಿಂದ 5ರವರೆಗಿನ ಮೊತ್ತವನ್ನು ಕಂಪನಿಯು ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ತಿಳಿಸದೆ, 14 ದಿನಗಳ ಮುನ್ಸೂಚನೆ ಕೊಡದೆ ಕೆಲಸದಿಂದ ತೆಗೆಯಕೂಡದು. ಹಲವರ ಕೆಲಸ ಮಾಡುವವನ ಕಷ್ಟಕಾಲಕ್ಕೆ ಪ್ರತಿ ಕೆಲಸದಿಂದಲೂ ಒಂದು ಹಿಡಿ ತೆಗೆದಿಡುವ ಈ ಏರ್ಪಾಡನ್ನು ಹೊಸ ಆಯವೆನ್ನಬಹುದು. ಹಳೆಯದಕ್ಕೂ ಇದಕ್ಕೂ ಇರುವ ಅಂತರ, ಅಂಬೇಡ್ಕರರು ಬಯಸಿದಂತೆ, ದಯೆಗೂ ಹಕ್ಕಿಗೂ ಇರುವ ಅಂತರ.

ಆದರೆ ಈ ಕಾಯ್ದೆ ಆಪ್‌ಗಳ ಮೂಲಕ ನಡೆಯುವ ಕೆಲಸಕ್ಕೆ ಮಾತ್ರ ಅನ್ವಯ. ತೊಟ್ಟು ಬಿಡಿಸುವ ಹೆಣ್ಣುಮಗಳೂ ಬಾಡಿಗೆ ಟ್ರ್ಯಾಕ್ಟರ್ ಹೊಡೆಯುವ ಹುಡುಗನೂ ಇದರ ಹೊರಗಿದ್ದಾರೆ. ಹಿಂದೆ ಊರಿನ ಕಣದಲ್ಲಿ ಹನ್ನೆರಡು ಮಂದಿಗೆ ಅಳೆಯುತ್ತಿದ್ದರು. ಇಂದಿನ ಕೊಳಗ ಇವರನ್ನೂ ಮುಟ್ಟಿದಾಗಲೇ ಅಳತೆ ಪೂರ್ತಿಯಾದೀತು.