ಸುಂಗುಡಿಯ ಗಂಟು

ನಮ್ಮ ಕಂಬಂ ಕಣಿವೆಯ ಸುರುಳಿಯಾರು ವೈಗೆಯನ್ನು ಕೂಡಿ ಮಧುರೆಯತ್ತ ಹರಿಯುತ್ತದೆ. ಆ ವೈಗೆಯ ದಡದಲ್ಲಿ ಬೆಳೆದ ಕಸುಬು ಸುಂಗುಡಿ ಸೀರೆಯದು. ಕೊಂಬೈಯ ಕನ್ನಡಿಗರಾದ ನಾವು ಇದರ ಚರಿತ್ರೆಯನ್ನು ಅರಿಯುವುದು ಉಚಿತ. ಏಕೆಂದರೆ ಇದನ್ನು ಬೆಳೆಸಿದ ಸೌರಾಷ್ಟ್ರರೂ ನಮ್ಮಂತೆಯೇ ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ ಆಡುವವರು.

ಗುಜರಾತಿನ ಕಡೆಯಿಂದ ಹೊರಟು, ವಿಜಯನಗರದ ಆಶ್ರಯವನ್ನು ಪಡೆದು, ನಾಯಕರ ಕಾಲದಲ್ಲಿ ಮಧುರೆಗೆ ಬಂದೆವೆಂಬುದು ಅವರ ಪರಂಪರೆಯ ನಂಬಿಕೆ. 17ನೆಯ ಶತಮಾನದಲ್ಲಿ ತಿರುಮಲನಾಯಕನು ಕಟ್ಟಿಸಿದ ಅರಮನೆಯ ಸುತ್ತಲಿನ ಬೀದಿಗಳು ಇಂದಿಗೂ ಅವರ ನೆಲೆ.

ಹತ್ತಿಯ ಬಟ್ಟೆಯನ್ನು ಉಗುರ ತುದಿಯಲ್ಲಿ ಚಿವುಟಿ ಎತ್ತಿ, ನೂಲಿನಿಂದ ಬಿಗಿದು, ಬಣ್ಣದಲ್ಲಿ ಅದ್ದುತ್ತಾರೆ. ಗಂಟಿನೊಳಕ್ಕೆ ಬಣ್ಣ ಇಳಿಯದು. ಬಿಚ್ಚಿದಾಗ ಅಲ್ಲಿ ಬಿಳಿಯ ಚುಕ್ಕಿ ತೋರುತ್ತದೆ. ಒಂದು ಸೀರೆಗೆ ಇಂತಹ ಸಾವಿರಾರು ಗಂಟುಗಳು. ಈ ಕೆಲಸ ಬಹುಮಟ್ಟಿಗೆ ಮನೆಯ ಹೆಂಗಸರದು. ಮಕ್ಕಳು ನೋಡಿ ನೋಡಿಯೇ ಕಲಿತರು.

ಮುಂದೆ ಮೇಣದ ಅಚ್ಚು ಬಂದಿತು. ಯಂತ್ರದ ಅಚ್ಚೂ ಬಂದಿತು. ದಿನಗಟ್ಟಲೆ ಕಟ್ಟಬೇಕಾದ ಚುಕ್ಕಿಗಳು ಗಳಿಗೆಯಲ್ಲಿ ಮೂಡಿದುವು, ಬೆಲೆಯೂ ಇಳಿಯಿತು. 2005ರಲ್ಲಿ ಮಧುರೆ ಸುಂಗುಡಿಗೆ ಭೌಗೋಳಿಕ ಗುರುತು ದೊರೆಯಿತು. ಆದರೆ ಗುರುತಿನ ಪತ್ರವು ಗಂಟು ಕಟ್ಟಲಾರದು. ತಾಯಿಯಿಂದ ಕಲಿತ ವಿದ್ಯೆಯನ್ನು ಮುಂದುವರಿಸಲು ಕುಳಿತ ತರುಣನಿಗೆ ಅವನ ದಿನಗಳ ಕೂಲಿ ಸೀರೆಯ ಬೆಲೆಯಲ್ಲಿ ಹುಟ್ಟಬೇಕು. ಹುಟ್ಟದಿದ್ದರೆ ಅವನು ಬೇರೆ ಕೆಲಸಕ್ಕೆ ಹೋಗುವುದು ಸಹಜ. ಅದಕ್ಕಾಗಿ ಅವನನ್ನು ದೂರಲಾಗದು.

ವಿದ್ಯಾರ್ಥಿಗಳು ಸುಂಗುಡಿಯನ್ನು ಕಂಡಾಗ ಚುಕ್ಕಿಗಳನ್ನು ಪರೀಕ್ಷಿಸಲಿ. ಅಚ್ಚಿನವು ಎಲ್ಲವೂ ಒಂದೇ ಸಮ. ಕೈಗಂಟಿನವು ತುಸು ಹೆಚ್ಚುಕಡಿಮೆ, ಸುತ್ತಲೂ ಸಣ್ಣ ನೆರಿಗೆ. ಈ ಭೇದವನ್ನು ಬಲ್ಲವರು ಕೊಳ್ಳುವವರೆಗೆ ಆ ಕಸುಬಿಗೆ ಬಾಳುಂಟೆಂದು ನಾವು ನಂಬುತ್ತೇವೆ.